ಮೆಟ್ಟಿಲುಕಲ್ಲಿನ ಪರವಾಗಿ

ನಿವೃತ್ತರಾದ ಮೇಲೆ ನಮ್ಮ ಭಾವನವರು ಕುಟುಂಬದ ವಾಟ್ಸಾಪ್ ಗುಂಪಿಗೆ ಬೆಳಗಿನ ನೀತಿಪಾಠ ಹೇಳುವ ಹೊಣೆಯನ್ನು ತಾವಾಗಿಯೇ ಹೊತ್ತುಕೊಂಡಿದ್ದಾರೆ. ಮೊನ್ನೆ ಬಂದದ್ದು ಎರಡು ಕಲ್ಲುಗಳ ಕಥೆ. ನಿಮಗೂ ಬಂದೇ ಇರುತ್ತದೆ, ಯಾರನ್ನೂ ಬಿಡದ ಕಥೆ ಅದು. ಒಂದು ಕಲ್ಲು ಉಳಿಪೆಟ್ಟುಗಳನ್ನೆಲ್ಲ ಸಹಿಸಿ ಗರ್ಭಗುಡಿಯ ದೇವರಾಯಿತಂತೆ. ಇನ್ನೊಂದು ಮೊದಲ ಪೆಟ್ಟಿಗೇ ಅತ್ತು, ಬಾಗಿಲಲ್ಲಿ ಮೆಟ್ಟಿಲಾಗಿ ಎಲ್ಲರ ಕಾಲಡಿ ಬಿತ್ತಂತೆ.

ಮೆಟ್ಟಿಲುಕಲ್ಲೇನು ತಾಯಿಯ ಹೊಟ್ಟೆಯಿಂದಲೇ ಚೌಕಾಕಾರವಾಗಿ ಹುಟ್ಟಿತ್ತೇ? ಬಂಡೆಯ ಮೇಲೆ ಸಾಲಾಗಿ ಕುಳಿ ತೋಡಿ, ಒಂದೊಂದಕ್ಕೂ ಬೆಣೆ ಇಳಿಸಿ, ಸುತ್ತಿಗೆಯಿಂದ ಬಡಿದು ಸೀಳಿ, ಆಮೇಲೆ ನಾಲ್ಕೂ ಅಂಚು ಕಡಿದು ತಂದದ್ದು ಅದನ್ನು. ಅಷ್ಟೆಲ್ಲ ತಿಂದ ಮೇಲೂ ಅಳುಬುರುಕ ಎಂಬ ಹೆಸರು. ಇನ್ನೊಂದು ವಿಷಯವನ್ನೂ ಗಮನಿಸಿದ್ದೇನೆ. ಈ ಕಥೆಯನ್ನು ಗುಮಾಸ್ತ ಸಾಹೇಬರಿಗೆ ಹೇಳಿದ್ದನ್ನಾಗಲಿ, ಸೊಸೆ ಅತ್ತೆಗೆ ಹೇಳಿದ್ದನ್ನಾಗಲಿ ನಾನು ಈವರೆಗೆ ಕೇಳಿಲ್ಲ. ಹೇಳುವವರ ಕೈಯಲ್ಲಿ ಯಾವಾಗಲೂ ಉಳಿಯೇ ಇರುತ್ತದೆ.

ಈಗ ಇದರ ಮುಂದಿನ ಅಧ್ಯಾಯವೂ ಶುರುವಾಗಿದೆ. ಕೆತ್ತಿಸಿಕೊಂಡರಷ್ಟೇ ಅಲ್ಲ, ಕೆತ್ತಿದರೂ ಉದ್ಧಾರವಂತೆ. ವಾರಾಂತ್ಯದ ಶಿಬಿರಕ್ಕೆ ಹೋಗಿ ಒಂದು ಬಳಪದ ಕಲ್ಲನ್ನು ಕೊರೆದು ಬಂದರೆ ತಾಳ್ಮೆ, ಏಕಾಗ್ರತೆ, ವಿನಯ ಎಲ್ಲವೂ ಒಟ್ಟಿಗೇ ಮೈಗೂಡುತ್ತವೆ ಎಂದು ಭಾವನವರು ಕರಪತ್ರ ಕಳಿಸಿದ್ದಾರೆ.

ವಿನಯ! ಆ ಮಾತು ಓದಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಬೀದಿಗೆ ಬರುತ್ತಿದ್ದ ಕಲ್ಲು ಕುಟ್ಟುವ ಹೆಂಗಸು. ಮಿಕ್ಸಿ ಬರುವ ಮೊದಲಿನ ಕಾಲ. ವರ್ಷವಿಡೀ ರುಬ್ಬಿ ರುಬ್ಬಿ ಒರಳು ನುಣುಪಾಗಿ, ನೆನೆದ ಉದ್ದು ಗುಂಡಿನಡಿ ಜಾರಿಕೊಂಡು ಸುಮ್ಮನೆ ಸುತ್ತತೊಡಗಿದಾಗ ಅಜ್ಜಿ ಅವಳ ದಾರಿ ಕಾಯುತ್ತಿದ್ದರು. ಅವಳು ಬರುತ್ತಿದ್ದಳು, ತನಗೆ ಮನಸ್ಸಾದಾಗ. ಬಗಲಲ್ಲಿ ಗೋಣಿಚೀಲ, ಅದರಲ್ಲಿ ಮೂರ್ನಾಲ್ಕು ಉಳಿ, ಒಂದು ಮೋಟು ಸುತ್ತಿಗೆ. ಮೊದಲು ಒರಳೊಳಗೆ ಅಂಗೈ ಆಡಿಸಿ, "ಇಷ್ಟು ದಿನ ಇದರಲ್ಲಿ ಏನು ರುಬ್ಬುತ್ತಿದ್ದಿರಿ, ಗಾಳಿಯನ್ನೇ?" ಎಂದು ಕೇಳುತ್ತಿದ್ದಳು. ಅಜ್ಜಿಗೆ ಅಲ್ಲಿಗೇ ಪಿತ್ತ ಕೆರಳುತ್ತಿತ್ತು.

ಚೌಕಾಸಿ ಮುಗಿದ ಮೇಲೆ ಅವಳು ಒರಳಿನ ಎರಡೂ ಪಕ್ಕಕ್ಕೆ ಕಾಲು ಚಾಚಿ ಕೂರುವಳು. ಕಣ್ಣನ್ನು ಸೀಳಿನಷ್ಟೇ ತೆರೆದುಕೊಂಡು, ತಳದಿಂದ ಸುತ್ತುಸುತ್ತಾಗಿ ಮೇಲಕ್ಕೆ ಟಕಟಕ ಕುಟ್ಟುತ್ತ ಬರುವಳು. ಪುಡಿ ಹಾರಿ ಹುಬ್ಬು ಬೆಳ್ಳಗಾಗುತ್ತಿತ್ತು. ಚುಕ್ಕೆಗೂ ಚುಕ್ಕೆಗೂ ನಡುವೆ ಒಂದು ಉದ್ದಿನಕಾಳಿನಷ್ಟು ಅಂತರ, ಹೆಚ್ಚಿಲ್ಲ, ಕಡಿಮೆಯಿಲ್ಲ. ಅಜ್ಜಿ ಸುಮ್ಮನಿರುವವರಲ್ಲ. "ಅಲ್ಲಿ ಇನ್ನೊಂದಿಷ್ಟು ಹೊಡೆಯಮ್ಮ, ಇಲ್ಲಿ ಆಳವಾಯಿತು" ಎನ್ನುತ್ತಿದ್ದರು. ಒಂದು ಸಲ ಅವಳು ಸುತ್ತಿಗೆಯನ್ನು ಅಜ್ಜಿಯತ್ತ ಚಾಚಿ, "ತಗೊಳ್ಳಿ ಅಮ್ಮಾವರೇ, ನೀವು ಹೊಡೆಯಿರಿ, ನಾನು ನಿಂತು ಮಾತನಾಡುತ್ತೇನೆ" ಎಂದಳು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಅಜ್ಜಿ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅಂದೇ.

ಕೊನೆಗೆ ಅವಳು ಒರಳ ಅಂಚಿನಲ್ಲಿ ಯಾರೂ ಕೇಳದಿದ್ದರೂ ಒಂದು ಮೀನು ಬಿಡಿಸುತ್ತಿದ್ದಳು. ಅದಕ್ಕೆ ಕಾಸು ಕೇಳುತ್ತಿರಲಿಲ್ಲ. ಹೋಗುವಾಗ, "ಮೊದಲು ಎರಡು ಸಲ ನುಚ್ಚಕ್ಕಿ ರುಬ್ಬಿ ಚೆಲ್ಲಿ" ಎಂದು ಅಪ್ಪಣೆ. ಅಜ್ಜಿ ಒಂದೇ ಸಲ ಚೆಲ್ಲುತ್ತಿದ್ದರು. ಅಕ್ಕಿಯನ್ನು ಹಾಳು ಮಾಡುವುದು ಅವರಿಂದಾಗದ ಕೆಲಸ. ಹೀಗಾಗಿ ಆ ವಾರದ ಚಟ್ನಿಯೆಲ್ಲ ಹಲ್ಲಿನಡಿ ಕರಕರ ಎನ್ನುತ್ತಿತ್ತು. ತಾತ ಒಂದೊಂದು ತುತ್ತಿಗೂ ದವಡೆ ನಿಲ್ಲಿಸಿ ಛಾವಣಿ ನೋಡುತ್ತಿದ್ದರು. ಅಜ್ಜಿ ಆ ದೋಷವನ್ನೂ ಅವಳ ಲೆಕ್ಕಕ್ಕೇ ಬರೆದರು. ಆದರೂ ಮುಂದಿನ ವರ್ಷ ಬೇರೊಬ್ಬ ಅರ್ಧ ಕೂಲಿಗೆ ಬರುತ್ತೇನೆಂದಾಗ, "ನಮ್ಮವಳು ಬರುತ್ತಾಳೆ, ಹೋಗಪ್ಪ" ಎಂದು ಅವನನ್ನು ಸಾಗಹಾಕಿದರು.

ವಿನಯ ಅವಳಲ್ಲಿ ಇರಲಿಲ್ಲ. ದೊಡ್ಡವರಲ್ಲಾದರೂ ಇತ್ತೇ? 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಮದನಿಕೆಯರ ಅಡಿಯಲ್ಲಿರುವ ಬರಹಗಳನ್ನು ನೋಡಬೇಕು. ಬಳ್ಳಿಗಾವೆಯ ದಾಸೋಜನ ಮಗ ಚಾವಣ ತನ್ನ ಹೆಸರನ್ನಷ್ಟೇ ಕೊರೆದು ಸುಮ್ಮನಾಗಲಿಲ್ಲ. ಬಿರುದು ಹೊತ್ತ ಶಿಲ್ಪಿಗಳೆಂಬ ಮನ್ಮಥರಿಗೆ ತಾನು ಮಹೇಶ್ವರ ಎಂದೂ ಸೇರಿಸಿಕೊಂಡ. ಅಂದರೆ, ಎದುರು ನಿಂತರೆ ಸುಟ್ಟು ಬೂದಿ ಮಾಡುತ್ತೇನೆ ಎಂದು. ಇದನ್ನು ಬೀದಿಜಗಳದಲ್ಲಿ ಕೂಗಿದ್ದಲ್ಲ, ದೇವಸ್ಥಾನದಲ್ಲಿ ಕಲ್ಲಿನ ಮೇಲೆ ಬರೆದದ್ದು. ಜಕಣಾಚಾರಿಯ ಐತಿಹ್ಯವೂ ಶಿಬಿರದವರ ನೆರವಿಗೆ ಬರುವಂತಿಲ್ಲ: ಮನೆಯಲ್ಲಿ ಹೆಂಡತಿಯನ್ನು ಬಿಟ್ಟು ಹೊರಟವನು, ಮೂರ್ತಿಯಲ್ಲಿ ದೋಷವಿದೆ ಎಂದ ಹುಡುಗನ ಮೇಲೆ ರೇಗಿ ಬಲಗೈಯನ್ನೇ ಪಣಕ್ಕಿಟ್ಟವನು. ಕಲ್ಲಿನಿಂದ ಕಪ್ಪೆ ಹೊರಬಿತ್ತು, ಕೈ ಹೋಯಿತು. ಆ ಹುಡುಗ ತನ್ನ ಮಗನೇ ಎಂದು ತಿಳಿದದ್ದು ಆಮೇಲೆ.

ಆರೋಗ್ಯದ ಮಾತು ಬೇಡವೇ ಬೇಡ. ಕಣಶಿಲೆಯ ಧೂಳು ವರ್ಷಗಟ್ಟಲೆ ಒಳಹೋದರೆ ಶ್ವಾಸಕೋಶವೇ ಗಟ್ಟಿಯಾಗುತ್ತದೆ. ಕರಪತ್ರದಲ್ಲಿ 'ಆಳವಾಗಿ ಉಸಿರಾಡಿ' ಎಂದಿದೆ.

ಇನ್ನು ಉಳಿದದ್ದು ತಾಳ್ಮೆ. ಇದನ್ನಾದರೂ ಭಾವನವರಿಗೆ ಬಿಟ್ಟುಕೊಡೋಣವೆಂದರೆ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ಅಡ್ಡ ಬರುತ್ತಾನೆ. ಹದಿಮೂರನೆಯ ಶತಮಾನದ ಸೋಮನಾಥಪುರದ ಗುಡಿಯಲ್ಲಿ ಸುಮಾರು 40 ಮೂರ್ತಿಗಳ ಅಡಿಯಲ್ಲಿ ಅವನ ಗುರುತಿದೆ. ಕಿರೀಟದ ಹರಳು, ಕೊರಳ ಹಾರ, ಕಾಲ್ಗೆಜ್ಜೆ, ಯಾವುದರಲ್ಲೂ ಅವಸರದ ಸುಳಿವಿಲ್ಲ. ಹೆಸರು ಬರೆಯುವ ಹೊತ್ತಿಗೆ ಮಾತ್ರ ಒಮ್ಮೆ 'ಮಲ್ಲಿತಮ್ಮ', ಒಮ್ಮೆ 'ಮಲ್ಲಿ', ಇನ್ನು ಕೆಲವು ಕಡೆ ಬರಿಯ 'ಮ'.