ಮೊಣಕೈಗೊಂದು ಹೆಲ್ಮೆಟ್

ಬೆಂಗಳೂರಿನ ಬೈಕ್ ಸವಾರನ ಮೈಯಲ್ಲಿ ಅತಿ ಹೆಚ್ಚು ಭದ್ರತೆ ಇರುವ ಅಂಗ ಎಡ ಮೊಣಕೈ. ಹೆಲ್ಮೆಟ್ ಸದಾ ಅಲ್ಲೇ ತೂಗುತ್ತಿರುತ್ತದೆ. ಎರಡನೇ ಸ್ಥಾನ ಪೆಟ್ರೋಲ್ ಟ್ಯಾಂಕಿಗೆ, ಮೂರನೆಯದು ಬಲಗಡೆಯ ಕನ್ನಡಿಗೆ. ಸ್ಕೂಟರ್ ಆದರೆ ಕಾಲ ಬಳಿಯ ಕೊಕ್ಕೆಗೆ, ಸೊಪ್ಪಿನ ಚೀಲದ ಜೊತೆ. ತಲೆಯ ಸರದಿ ಬರುವುದು ದೂರದಲ್ಲಿ ಬಿಳಿ ಅಂಗಿ, ಖಾಕಿ ಪ್ಯಾಂಟು ಕಂಡಾಗ ಮಾತ್ರ. ಆಗ ಒಂದೇ ಕೈಯಲ್ಲಿ ಗಾಡಿ ಓಡಿಸುತ್ತಾ, ಇನ್ನೊಂದು ಕೈಯಲ್ಲಿ ಹೆಲ್ಮೆಟ್ಟನ್ನು ತಲೆಗೆ ಕವುಚಿಕೊಳ್ಳುವ ಚಾಕಚಕ್ಯತೆ ನೋಡಬೇಕು. ಅದಕ್ಕೆ ಒಲಿಂಪಿಕ್ಸ್‌ನಲ್ಲಿ ಜಾಗ ಇಲ್ಲದಿರುವುದು ನಮ್ಮ ದುರದೃಷ್ಟ. ಪಟ್ಟಿ ಬಿಗಿಯುವ ಮಾತೇ ಇಲ್ಲ. ಸಿಗ್ನಲ್ ದಾಟಿದ ಕೂಡಲೇ ಅದು ಮತ್ತೆ ಮೊಣಕೈಗೆ ವರ್ಗ.

ಹಾಗಂತ ನಮ್ಮ ಸವಾರನಿಗೆ ಸುರಕ್ಷತೆಯ ಬಗ್ಗೆ ಕಾಳಜಿ ಇಲ್ಲ ಅಂದರೆ ನಾಲಿಗೆ ಉದುರಿಹೋದೀತು. ಸಂಜೆ ಯಾವುದಾದರೂ ಗ್ಯಾರೇಜಿನ ಮುಂದೆ ನಿಂತು ಕೇಳಿ. ಅಲ್ಲೊಂದು ಸಲಹಾ ಮಂಡಳಿ ಟೀ ಹಿಡಿದುಕೊಂಡು ಅಧಿವೇಶನ ನಡೆಸುತ್ತಿರುತ್ತದೆ.

“ಮಗಾ, 20ಡಬ್ಲ್ಯೂ50 ಇಂಜಿನ್ ಆಯಿಲ್ ಹಾಕಿಸ್ಬೇಡ, ಗಾಡಿ ಎಳೆಯಲ್ಲ. ಫುಲ್ ಸಿಂಥೆಟಿಕ್ ಹಾಕ್ಸು, ಬೆಣ್ಣೆ ಥರ ಓಡುತ್ತೆ.”

“ಸಿಂಥೆಟಿಕ್ ಹಾಕಿದ್ರೆ ಕ್ಲಚ್ ಪ್ಲೇಟ್ ಹೋಗುತ್ತೆ ಗುರು. ನಮ್ ಮಾವನ್ ಗಾಡಿ ಹಂಗೇ ಆಯ್ತು.”

“ಗಾಡಿ ಜೊತೆ ಕೊಟ್ಟಿರೋ ಪುಸ್ತಕದಲ್ಲಿ ಯಾವ ಗ್ರೇಡ್ ಅಂತ ಬರ್ದಿರ್ತಾರಲ್ಲ, ಅದೇ ಹಾಕ್ಸಿದ್ರೆ ಆಗಲ್ವಾ?”

ಈ ಮೂರನೆಯವನನ್ನು ಎಲ್ಲರೂ ಕನಿಕರದಿಂದ ನೋಡುತ್ತಾರೆ. ಪುಸ್ತಕ ಓದಿ ಗಾಡಿ ಇಟ್ಟುಕೊಳ್ಳುವವನು ಯಾವ ಸೀಮೆ ಸವಾರ? ಚರ್ಚೆ ಮುಂದುವರಿಯುತ್ತದೆ. ಚೈನಿಗೆ ಐನೂರು ಕಿಲೋಮೀಟರಿಗೊಮ್ಮೆ ಲ್ಯೂಬ್ ಹೊಡೆಯಬೇಕೋ ಸಾವಿರಕ್ಕೋ, ಅದನ್ನು ತೊಳೆಯಲು ಸೀಮೆಎಣ್ಣೆ ಒಳ್ಳೆಯದೋ ಡೀಸೆಲ್ಲೋ, ಟೈರಿಗೆ ನೈಟ್ರೋಜನ್ ತುಂಬಿಸಿದರೆ ಮೈಲೇಜ್ ಎಷ್ಟು ಏರುತ್ತದೆ. (ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ, ಅದೂ ಪುಕ್ಕಟೆ ಅಂತ ಹೇಳಹೋದರೆ ನೀವೂ ಪುಸ್ತಕದವರ ಗುಂಪಿಗೆ ಸೇರುತ್ತೀರಿ.) ಇಂಜಿನ್ನಿಗೆ ಪೆಟ್ಟಾಗದಂತೆ ಎರಡು ಸಾವಿರ ಕೊಟ್ಟು ಕ್ರ್ಯಾಶ್ ಗಾರ್ಡ್ ಹಾಕಿಸಿಯಾಗಿದೆ. ಟ್ಯಾಂಕಿಗೆ ಕವರ್, ಸೀಟಿಗೆ ಕವರ್, ಆ ಕವರಿನ ಮೇಲೆ ಶೋರೂಮಿನಿಂದ ಬಂದಾಗಿನ ಪ್ಲಾಸ್ಟಿಕ್ ಇನ್ನೂ ಹಾಗೇ ಇದೆ. ಮಳೆಗೆ ನೆನೆಯಬಾರದೆಂದು ರಾತ್ರಿ ಇಡೀ ಗಾಡಿಗೆ ಹೊದಿಕೆ. ಒಂದು ಗೀರು ಬಿದ್ದರೆ ಮನೆಯಲ್ಲಿ ಸೂತಕ.

ಇದೇ ಮನುಷ್ಯ ಹೆಲ್ಮೆಟ್ ಕೊಳ್ಳಲು ಹೋಗುವುದು ಫುಟ್‌ಪಾತಿಗೆ. ಹಗ್ಗಕ್ಕೆ ಸಾಲಾಗಿ ಪೋಣಿಸಿದ ಬಣ್ಣಬಣ್ಣದ ಬುರುಡೆಗಳು ಬಿಸಿಲಲ್ಲಿ ಒಣಗುತ್ತಿರುತ್ತವೆ.

“ಎಷ್ಟಪ್ಪಾ ಇದು?”

“ಯಾರಿಗೆ ಬೇಕು ಸರ್? ಪೊಲೀಸ್‌ನೋರಿಗಾ, ತಲೆಗಾ?”

“ಪೊಲೀಸ್‌ನೋರಿಗೇ ಕೊಡು, ಸಾಕು.”

“ಇನ್ನೂರೈವತ್ತು.”

“ಐಎಸ್‌ಐ ಮಾರ್ಕ್ ಇಲ್ವಲ್ಲೋ?”

“ಹಾಕ್ಕೊಡ್ತೀನಿ ಇರಿ ಸರ್.” ಚೀಲದಿಂದ ಸ್ಟಿಕ್ಕರಿನ ಹಾಳೆ ತೆಗೆದು, ಉಗುರಿನಿಂದ ಒಂದನ್ನು ಬಿಡಿಸಿ, ಹಿಂದಕ್ಕೆ ಅಂಟಿಸಿ, ಅಂಗಿಯ ತೋಳಿನಿಂದ ಒತ್ತಿ ಉಜ್ಜುತ್ತಾನೆ. “ಇನ್ನೊಂದು ಪಕ್ಕಕ್ಕೂ ಹಾಕ್ಲಾ?”

ಹೆಲ್ಮೆಟ್ಟಿಗಿರುವ ಐಎಸ್ 4151 ಎಂಬ ಮಾನಕದ ಪರೀಕ್ಷೆ ಇಷ್ಟು ಬೇಗ ಮುಗಿಯುವುದು ಜಗತ್ತಿನ ಯಾವ ಪ್ರಯೋಗಾಲಯದಲ್ಲೂ ಕಾಣಸಿಗದು. 2021ರ ಜೂನ್ 1ರಿಂದ ದೇಶದಲ್ಲಿ ಬಿಐಎಸ್ (ಐಎಸ್‌ಐ ಗುರುತು ಕೊಡುವ ಭಾರತೀಯ ಮಾನಕ ಸಂಸ್ಥೆ) ಪ್ರಮಾಣೀಕರಿಸಿದ ಹೆಲ್ಮೆಟ್ ಬಿಟ್ಟು ಬೇರೆ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಫುಟ್‌ಪಾತಿನವನು ಕಾನೂನಿಗೆ ಎದುರಾಡಲಿಲ್ಲ, ಸ್ಟಿಕ್ಕರ್ ತರಿಸಿಕೊಂಡ. ಒಳಗಡೆ ಒಂದಷ್ಟು ಸ್ಪಂಜು ಇರುತ್ತದೆ. ನಿಜವಾದ ಹೆಲ್ಮೆಟ್ಟಿನೊಳಗೆ ದಪ್ಪ ಥರ್ಮೋಕೋಲಿನ ಪದರ ಇರಬೇಕು, ಪೆಟ್ಟು ಬಿದ್ದಾಗ ತಲೆಯ ಬದಲು ಅದು ಅಪ್ಪಚ್ಚಿಯಾಗಬೇಕು, ಒಮ್ಮೆ ಅಪ್ಪಚ್ಚಿಯಾದ ಮೇಲೆ ಹೊರಗಿನಿಂದ ಎಷ್ಟೇ ಹೊಳೆಯುತ್ತಿದ್ದರೂ ಅದನ್ನು ಎಸೆಯಬೇಕು. ಇನ್ನೂರೈವತ್ತರ ಮಾಲಿಗೆ ಈ ತಾಪತ್ರಯ ಇಲ್ಲ. ಅದರಲ್ಲಿ ಅಪ್ಪಚ್ಚಿಯಾಗುವಂಥದ್ದು ಸವಾರನೇ ಒದಗಿಸಬೇಕು.

ಕಾನೂನೇನೂ ಕಣ್ಣು ಮುಚ್ಚಿ ಬರೆದದ್ದಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್, ಹೆಲ್ಮೆಟ್ ಅಂದರೆ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು ಅಂತಲೂ ಬಿಡಿಸಿ ಹೇಳಿದೆ. ಬರೆದವರಿಗೆ ನಮ್ಮ ಮೊಣಕೈಯ ಪರಿಚಯ ಮೊದಲೇ ಇದ್ದಿರಬೇಕು. ಹೊಸ ಗಾಡಿಯ ಜೊತೆ ಕಂಪನಿಯೇ ಹೆಲ್ಮೆಟ್ ಕೊಡಬೇಕು ಎನ್ನುವ ನಿಯಮವೂ ಇದೆ. ಕೊಟ್ಟದ್ದು ಅಟ್ಟದ ಮೇಲೆ ಹಳೆ ಟ್ರಂಕಿನ ಪಕ್ಕ ಸುರಕ್ಷಿತವಾಗಿದೆ. ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅಂದಿನಿಂದ ಕಟ್ಟಡ ಕೆಲಸದವರ ಹಳದಿ ಟೊಪ್ಪಿಗೂ ರಸ್ತೆಯಲ್ಲಿ ಮಾನ ಬಂತು. “ಹಿಂದೆ ಕೂತೋರಿಗೆ ಏನೂ ಆಗಲ್ಲ ಬಿಡ್ರಿ” ಎನ್ನುವುದು ಸಲಹಾ ಮಂಡಳಿಯ ಸರ್ವಾನುಮತದ ಠರಾವು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಸ್ವಲ್ಪ ಬೇರೆ: 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ, ಅದರಲ್ಲಿ 14,337 ಜನ ಹಿಂದೆ ಕೂತವರು. ಮಂಡಳಿಗೆ ಈ ಅಂಕಿ ತಲುಪಿಲ್ಲ. ಅವರು ಮೈಲೇಜಿನ ಅಂಕಿಯಲ್ಲಿ ಮುಳುಗಿದ್ದಾರೆ.

ಇನ್ನು ನಾಲ್ಕು ವರ್ಷದೊಳಗಿನ ಮಕ್ಕಳ ವಿಷಯ. 2023ರ ಫೆಬ್ರವರಿಯಿಂದ ಅವರಿಗೂ ಹೆಲ್ಮೆಟ್ ಬೇಕು, ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಸ್ಕೂಟರಿನ ಮುಂದೆ ನಿಂತು ಹಾರ್ನ್ ಒತ್ತುತ್ತಾ ಹೋಗುತ್ತಿರುವ ಪುಟಾಣಿಗೆ ಇದು ಗೊತ್ತಿಲ್ಲ, ಅದಕ್ಕಿನ್ನೂ ಓದಲು ಬರುವುದಿಲ್ಲ. ಓದಲು ಬರುವ ಅಪ್ಪ ಅದರ ಹಿಂದೆ ಕೂತಿದ್ದಾನೆ.

ಪೊಲೀಸರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುವವರು. ಅವರು ಜಂಕ್ಷನ್ನುಗಳಲ್ಲಿ ಕ್ಯಾಮೆರಾ ಹಾಕಿದರು. ಹೆಲ್ಮೆಟ್ ಇಲ್ಲದ ತಲೆ ಕಂಡರೆ ಅದೇ ನಂಬರ್ ಓದಿಕೊಂಡು ಚಲನ್ ಕಳಿಸುತ್ತದೆ. ಈಗ ಕ್ಯಾಮೆರಾ ಕಂಡ ಕೂಡಲೇ ಹಿಂದೆ ಕೂತವನು ಸೀಟಿನಿಂದ ಅರ್ಧ ಮೈ ಕೆಳಕ್ಕೆ ಬಾಗಿಸಿ, ಓಡುವ ಚಕ್ರದ ಮೇಲೆ ಕೈ ಚಾಚಿ, ನಂಬರ್ ಪ್ಲೇಟನ್ನು ಅಂಗೈಯಿಂದ ಮುಚ್ಚುತ್ತಾನೆ. ಇಷ್ಟು ಕಸರತ್ತು ಮಾಡುವಾಗ ತಲೆಗೇನಾದರೂ ಆದರೆ? ಏನೂ ಆಗಲ್ಲ, ಹೆಲ್ಮೆಟ್ ಇದೆಯಲ್ಲ, ಮುಂದಿನವನ ಮೊಣಕೈಯಲ್ಲಿ.

ಚಲನ್ ಬಂದರೂ ಹೆದರಬೇಕಿಲ್ಲ. ಕೇಂದ್ರದ ಕಾಯ್ದೆ ಹೆಲ್ಮೆಟ್ ಇಲ್ಲದ ತಲೆಗೆ 1,000 ರೂಪಾಯಿ ಬೆಲೆ ಕಟ್ಟಿತ್ತು. 2019ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ, ಕನ್ನಡಿಗರ ತಲೆಗೆ ಅಷ್ಟೆಲ್ಲ ಇಲ್ಲ ಅಂತ 500ಕ್ಕೆ ಇಳಿಸಿತು. ಆಮೇಲೆ ಬಂತು ನೋಡಿ ಸೀಸನ್ ಸೇಲ್. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಘೋಷಣೆಯಾದಾಗ ಜನ ಮುಗಿಬಿದ್ದರು, ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಮೀರಿ ಜಮೆಯಾಯಿತು. ಗಿರಾಕಿಗಳ ಅಭಿಮಾನ ಕಂಡು 2025ರ ಆಗಸ್ಟಿನಲ್ಲೂ ಆಫರ್ ಬಂತು. ಲೆಕ್ಕ ಹಾಕಿ: ಹೆಲ್ಮೆಟ್ ಇಲ್ಲದ ದಂಡ ಅರ್ಧ ದರದಲ್ಲಿ 250, ಫುಟ್‌ಪಾತಿನ ಹೆಲ್ಮೆಟ್ಟೂ 250. ಹೀಗಿರುವಾಗ ಆ ಬುರುಡೆ ಹೊರುವವನು ದಡ್ಡ. “ಈಗ್ಲೇ ಕಟ್ಬೇಡ ಮಗಾ, ಸ್ವಲ್ಪ ತಡಿ, ಡಿಸ್ಕೌಂಟ್ ಬಿಟ್ಟೇ ಬಿಡ್ತಾರೆ” ಎನ್ನುವ ಸಲಹೆಗೆ ಇಂಜಿನ್ ಆಯಿಲಿನ ವಿಷಯದಲ್ಲಿ ಕಿತ್ತಾಡಿದವರೂ ತಲೆಯಾಡಿಸುತ್ತಾರೆ. ಪಾಪ, ಅದೊಂದೇ ಸಲಹೆ ಇದುವರೆಗೆ ಸುಳ್ಳಾಗಿಲ್ಲ.

ನಮ್ಮಲ್ಲಿ ತಲೆಯ ಬೆಲೆ ಗೊತ್ತಿರುವ ಇನ್ನೊಂದು ಪಂಗಡವೂ ಇದೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲಿ ಅವರನ್ನು ನೋಡಬಹುದು. ಮೈಮೇಲೆ ಜಾಕೆಟ್ಟು, ಮಂಡಿಗೆ ಗಾರ್ಡು, ಬೆನ್ನಿಗೆ ಗಾರ್ಡು, ನೆತ್ತಿಯ ಮೇಲೆ ಕ್ಯಾಮೆರಾ. ಲಡಾಖಿಗೆ ಹೊರಟವರೋ ಅನ್ನಬೇಕು, ಹೊರಟಿರುವುದು ತಟ್ಟೆ ಇಡ್ಲಿಗೆ. ಅವರ ದೊಡ್ಡ ಸಂಕಟ ಏನೆಂದರೆ ಮೂವತ್ತು ಸಾವಿರದ ವಿದೇಶಿ ಹೆಲ್ಮೆಟ್ಟಿನ ಮೇಲೆ ಐಎಸ್‌ಐ ಗುರುತಿಲ್ಲ, ಯಾರಾದರೂ ತಡೆದು ಕೇಳಿದರೆ ಏನು ಮಾಡುವುದು ಎಂಬುದು. ಇನ್ನೂರೈವತ್ತರದಕ್ಕೆ ಆ ಅಳುಕಿಲ್ಲ, ಗುರುತು ಎರಡೂ ಪಕ್ಕ ಇದೆ. ಭಾನುವಾರದ ಈ ಯೋಧನೇ ಸೋಮವಾರ ಹಾಲಿಗೆ ಹೋಗುವಾಗ ಬರಿತಲೆ. ಕೇಳಿದರೆ “ಇಲ್ಲೇ ಪಕ್ಕಕ್ಕಲ್ವಾ” ಅನ್ನುತ್ತಾನೆ. ನೀರಿನ ಟ್ಯಾಂಕರುಗಳು ಓಡಾಡುವುದೂ ಇಲ್ಲೇ ಪಕ್ಕದಲ್ಲೇ.

ಆಯುಧಪೂಜೆಯ ದಿನವಂತೂ ಎಲ್ಲ ಪಂಗಡಗಳೂ ಒಂದೇ. ಗಾಡಿ ಫಳಫಳ ತೊಳೆದು, ಹ್ಯಾಂಡಲಿಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಅಪ್ಪಚ್ಚಿ ಮಾಡುತ್ತೇವೆ. ದೃಷ್ಟಿ ತೆಗೆದ ಬೂದುಗುಂಬಳವನ್ನು ರಸ್ತೆಯ ನಟ್ಟನಡುವೆ ಒಡೆಯುತ್ತೇವೆ, ಹಿಂದೆ ಬರುವ ಬೈಕು ಅದರ ಮೇಲೆ ಜಾರಿದರೆ ನಮ್ಮ ದೃಷ್ಟಿ ಅವನಿಗೆ ತಗುಲಿತು ಅಂತ ಅರ್ಥ. ಕಳೆದ ಸಲ ನಮ್ಮ ಬೀದಿಯ ಒಂದು ಮನೆ ಮುಂದೆ ಹೆಡ್‌ಲೈಟಿಗೆ, ಇಂಜಿನ್ನಿಗೆ, ಕ್ರ್ಯಾಶ್ ಗಾರ್ಡಿಗೆ, ಕೊನೆಗೆ ಪಂಚರ್ ಕಿಟ್ಟಿಗೂ ಕುಂಕುಮ ಇಟ್ಟಾಯಿತು. ಮನೆಯ ಅಜ್ಜಿಗೆ ಏನೋ ನೆನಪಾಯಿತು.

“ಲೋ, ಆ ಟೊಪ್ಪಿಗೂ ಒಂಚೂರು ಕುಂಕುಮ ಇಡೋ. ಎಲ್ಲಿದೆ ಅದು?”

“ಪಕ್ಕದ್ಮನೆ ಅಂಕಲ್ ಇಸ್ಕೊಂಡು ಹೋದ್ರು ಅಜ್ಜಿ. ಮಾರ್ಕೆಟ್ ಹತ್ರ ಪೊಲೀಸ್‌ನೋರು ನಿಂತಿದಾರಂತೆ.”