ನಿಷ್ಪಕ್ಷಪಾತ ಕೋಷ್ಟಕ ತಯಾರಿಸುವ ವಿಧಾನ

ಪ್ರೋಗ್ರಾಮಿಂಗ್ ಭಾಷೆಗಳನ್ನು ಹೋಲಿಸಿ ಕೋಷ್ಟಕ ಬರೆಯುವುದು ಈಗ ದೊಡ್ಡ ಸಮಾಜಸೇವೆ. ಎಡಗಡೆ ಆಬ್ಜೆಕ್ಟ್ ಓರಿಯೆಂಟೆಡ್ (ಡೇಟಾವನ್ನೂ ಅದರ ಕೆಲಸಗಳನ್ನೂ 'ಆಬ್ಜೆಕ್ಟ್' ಎಂಬ ಒಂದೇ ಗಂಟಾಗಿ ಕಟ್ಟುವ ಪದ್ಧತಿ) ಗುಣಗಳು, ಮೇಲೆ ಭಾಷೆಗಳ ಹೆಸರು, ಒಳಗೆ ಹಸಿರು ರೈಟು, ಕೆಂಪು ಇಂಟು. ತಲೆಬರಹದಲ್ಲಿ 'ನಿಷ್ಪಕ್ಷಪಾತ' ಅಂತ ಇರಲೇಬೇಕು. ಅದಿಲ್ಲದಿದ್ದರೆ ಜನಕ್ಕೆ ಹೇಗೆ ಗೊತ್ತಾಗುತ್ತದೆ?

ನೀವೂ ಒಂದು ಮಾಡಬಹುದು. ಗೆಲ್ಲುವ ಭಾಷೆ ಯಾವುದು ಅಂತ ಮೊದಲು ತೀರ್ಮಾನಿಸಿ, ಸಾಲುಗಳನ್ನು ಆಮೇಲೆ ಹುಡುಕಿ. ನಿಮ್ಮದು ಸಿ ಪ್ಲಸ್ ಪ್ಲಸ್ ಅಂತಿಟ್ಟುಕೊಳ್ಳಿ. 'ಒಂದಕ್ಕಿಂತ ಜಾಸ್ತಿ ತಂದೆ ಕ್ಲಾಸ್ ಇರಬಹುದೇ?' ಅಂತ ಬರೆಯಿರಿ. (ಕ್ಲಾಸ್ ಅಂದರೆ ಆಬ್ಜೆಕ್ಟ್‌ಗಳ ಅಚ್ಚು; ತಂದೆ ಕ್ಲಾಸ್‌ನ ಗುಣ ಮಕ್ಕಳಿಗೆ ಬರುವುದೇ ಇನ್ಹೆರಿಟೆನ್ಸ್.) ನಿಮಗೆ ಹಸಿರು, ಜಾವಾಕ್ಕೆ ಕೆಂಪು. ಜಾವಾದವರು ಅದನ್ನೇ 'ಮಲ್ಟಿಪಲ್ ಇನ್ಹೆರಿಟೆನ್ಸ್‌ನ ತಲೆನೋವಿನಿಂದ ಮುಕ್ತಿ ಇದೆಯೇ?' ಅಂತ ಬರೆದು ಬಣ್ಣ ಅದಲುಬದಲು ಮಾಡುತ್ತಾರೆ. ಸಂಗತಿ ಒಂದೇ. ಹೆತ್ತವರಿಗೆ ಹೆಗ್ಗಣ ಮುದ್ದು.

ಆ ತಲೆನೋವಂತೂ ನಿಜ. ಎರಡು ತಂದೆ ಕ್ಲಾಸ್‌ಗಳಿಗೆ ಒಬ್ಬನೇ ಅಜ್ಜನಿದ್ದರೆ, ಸಿ ಪ್ಲಸ್ ಪ್ಲಸ್‌ನಲ್ಲಿ ಮೊಮ್ಮಗನ ಹೊಟ್ಟೆಯಲ್ಲಿ ಅಜ್ಜ ಎರಡೆರಡು ಸಲ ಕೂರುತ್ತಾನೆ. ಒಬ್ಬನೇ ಸಾಕು ಅಂದರೆ 'ವರ್ಚುವಲ್' ಅಂತ ಬೇರೆ ಬರೆಯಬೇಕು. ಜಾವಾ ಇದೆಲ್ಲ ಬೇಡವೇ ಬೇಡ ಅಂದಿತ್ತು. 2014ರಲ್ಲಿ ಎಂಟನೇ ಆವೃತ್ತಿ ಬಂತು, ಅಲ್ಲಿಯವರೆಗೆ ಮೆಥಡ್‌ಗಳ (ಕ್ಲಾಸ್ ಮಾಡುವ ಕೆಲಸಗಳ) ಹೆಸರಿನ ಪಟ್ಟಿಯಂತಿದ್ದ, ಒಂದು ಕ್ಲಾಸ್ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದಾದ ಇಂಟರ್‌ಫೇಸ್ ಒಳಗೂ ಮೆಥಡ್‌ಗಳ ಮೈ, ಅಂದರೆ ಕೋಡ್, ಬರೆಯಬಹುದು ಅಂತಾಯಿತು. ಡೇಟಾ ಬರುವಂತಿಲ್ಲ, ಮೆಥಡ್ ಮಾತ್ರ. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಅರ್ಧ ತೆಗೆದಿದೆ. ಇದಕ್ಕೆ ಯಾವ ಬಣ್ಣ? ಕೇಳಬೇಡಿ, ಕೋಷ್ಟಕ ಹಾಳಾಗುತ್ತದೆ.

'ಪ್ರೈವೇಟ್ ಇದೆಯೇ?' (ಕ್ಲಾಸ್‌ನ ಒಳಗಿನದನ್ನು ಹೊರಗಿನವರು ಮುಟ್ಟದಂತೆ ತಡೆಯಬಹುದೇ?) ಎಂಬ ಸಾಲಿನಲ್ಲಿ ಪೈಥಾನ್‌ಗೆ ಕಣ್ಣು ಮುಚ್ಚಿ ಕೆಂಪು ಹಾಕಿ. ಅಲ್ಲಿ ಹೆಸರಿನ ಮುಂದೆ ಅಂಡರ್‌ಸ್ಕೋರ್ ಎಳೆದು 'ದಯವಿಟ್ಟು ಮುಟ್ಟಬೇಡಿ' ಅನ್ನುವುದಷ್ಟೇ. ಜಾವಾದ ಪ್ರೈವೇಟ್ ಅನ್ನೂ ರಿಫ್ಲೆಕ್ಷನ್ (ಪ್ರೋಗ್ರಾಂ ಓಡುವಾಗಲೇ ಕ್ಲಾಸ್‌ನ ಒಳಗೆ ಇಣುಕುವ ಉಪಾಯ) ಬಳಸಿ ತೆರೆಯಬಹುದು ಅಲ್ವಾ ಅಂತ ಯಾರಾದರೂ ಕೇಳಿದರೆ, ಅದು 'ಸುಧಾರಿತ ಸೌಲಭ್ಯ' ಅನ್ನಿ.

ಆವೃತ್ತಿಯ ವಿಷಯದಲ್ಲೂ ಹುಷಾರು. ನಿಮ್ಮ ಭಾಷೆಯದು ನಿನ್ನೆ ಬಂದದ್ದಿರಲಿ, ಎದುರಾಳಿಯದು ನೀವು ಕಾಲೇಜಿನಲ್ಲಿ ಓದಿದ್ದಿರಲಿ. ಜಾವಾಸ್ಕ್ರಿಪ್ಟ್‌ಗೆ 2015ರಲ್ಲಿ 'ಕ್ಲಾಸ್' ಎಂಬ ಪದ ಬಂದದ್ದೇ ತಡ, ಎಷ್ಟೋ ಜನ ಕೆಂಪು ಅಳಿಸಿ ಹಸಿರು ಬಳಿದರು. ಕೆಳಗೆ ಓಡುತ್ತಿದ್ದದ್ದು ಅದೇ ಹಳೇ ಪ್ರೊಟೊಟೈಪ್, ಅಂದರೆ ಒಂದು ಆಬ್ಜೆಕ್ಟ್ ನೇರವಾಗಿ ಇನ್ನೊಂದು ಆಬ್ಜೆಕ್ಟ್‌ನಿಂದ ಗುಣ ಪಡೆಯುವ ಪದ್ಧತಿ.

ಗೋ ಭಾಷೆಯನ್ನು ಮಾತ್ರ ಸೇರಿಸಬೇಡಿ. 'ಇದು ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಯೇ?' ಎಂಬ ಪ್ರಶ್ನೆಗೆ ಅದನ್ನು ಮಾಡಿದವರೇ 'ಹೌದು ಮತ್ತು ಇಲ್ಲ' ಅಂತ ಉತ್ತರ ಬರೆದಿಟ್ಟಿದ್ದಾರೆ. ಇಂಥ ಬೇಜವಾಬ್ದಾರಿಗಳಿಗೆ ಕೋಷ್ಟಕದಲ್ಲಿ ಮನೆ ಎಲ್ಲಿದೆ?

'ಆಬ್ಜೆಕ್ಟ್ ಓರಿಯೆಂಟೆಡ್' ಎಂಬ ಹೆಸರಿಟ್ಟವರು ಸ್ಮಾಲ್‌ಟಾಕ್ ಭಾಷೆಯ ಅಲನ್ ಕೇ. ಅವರ ಲೆಕ್ಕದಲ್ಲಿ ಮುಖ್ಯವಾದದ್ದು ಆಬ್ಜೆಕ್ಟ್‌ಗಳು ಒಂದಕ್ಕೊಂದು ಕಳಿಸುವ ಸಂದೇಶ. ಅವರನ್ನು ನಮ್ಮ ಇಂಜಿನಿಯರಿಂಗ್ ಕಾಲೇಜಿನ ವೈವಾಕ್ಕೆ ಕೂರಿಸಿ ನೋಡಿ.

'ಆಬ್ಜೆಕ್ಟ್ ಓರಿಯೆಂಟೆಡ್‌ನ ನಾಲ್ಕು ಸ್ತಂಭ ಹೇಳಪ್ಪಾ.'

'ಸಾರ್, ಸಂದೇಶ ರವಾನೆ...'

'ಅದು ಸಿಲಬಸ್‌ನಲ್ಲಿಲ್ಲ. ಎನ್‌ಕ್ಯಾಪ್ಸುಲೇಷನ್, ಅಬ್‌ಸ್ಟ್ರಾಕ್ಷನ್, ಇನ್ಹೆರಿಟೆನ್ಸ್, ಪಾಲಿಮಾರ್ಫಿಸಂ. ಇಷ್ಟೂ ಬರಲ್ವಾ? ನೆಕ್ಸ್ಟ್!'

ಕೊನೆಗೆ ಷರಾ ಬರೆಯಬೇಕು. ನಿಮ್ಮ ಭಾಷೆಗೆ ಎಲ್ಲ ಸಾಲಲ್ಲೂ ಹಸಿರು ಕೊಟ್ಟಾದ ಮೇಲೆ, ಕೆಳಗೆ ಸಣ್ಣ ಅಕ್ಷರದಲ್ಲಿ 'ಯಾವ ಭಾಷೆಯೂ ಮೇಲಲ್ಲ, ಯಾವುದೂ ಕೀಳಲ್ಲ' ಅಂತ ಹಾಕಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಗೆದ್ದ ಭಾಷೆಯ ವೀಕೆಂಡ್ ಕ್ಲಾಸ್, ಫೀಸು, ಮೊದಲು ಸೇರಿದವರಿಗೆ ರಿಯಾಯಿತಿ.