ಅನ್ನ ಬಿಟ್ಟೋರ ಪಂಕ್ತಿ

ಮೊನ್ನೆ ಒಂದು ಮದ್ವೆ ಊಟಕ್ಕೆ ಕೂತಿದ್ದೆ, ಪಕ್ಕದೆಲೇಲಿ ನಮ್ಮ ದೂರದ ನೆಂಟ್ರು. ಅನ್ನದ ಬಕೆಟ್ ಹತ್ರ ಬಂದಿದ್ದೇ ತಡ ಎರಡೂ ಕೈ ಎಲೆ ಮೇಲೆ ಅಡ್ಡ ಹಿಡಿದು "ಬೇಡ ಬೇಡ, ನಾನು ಕಾರ್ಬ್ಸ್ ಬಿಟ್ಟು ಮೂರು ತಿಂಗ್ಳಾಯ್ತು" ಅಂದ್ರು. ಬಡಿಸೋ ಹುಡ್ಗ ಪಾಪ, ಯಾವ್ದೋ ವ್ರತ ಇರ್ಬೇಕು ಅನ್ಕೊಂಡು ಮುಂದಕ್ಕೆ ಹೋದ. ಆಮೇಲೆ ಅದೇ ಎಲೆಗೆ ಬಂದಿದ್ದು ಮೂರು ಪೂರಿ, ಆಲೂಗಡ್ಡೆ ಸಾಗು, ಎರಡು ಹೋಳಿಗೆ, ಒಂದು ಚಿರೋಟಿ. ಆ ಚಿರೋಟೀನ ಪುಡಿ ಮಾಡಿ, ಸಕ್ಕರೆ ಉದುರಿಸಿ, ಬಾದಾಮಿ ಹಾಲು ಹುಯ್ಸ್ಕೊಂಡು ಕಲಸ್ತಾ ನನ್ನೆಲೆ ಕಡೆ ತಿರುಗಿ "ಅನ್ನ ಸ್ವಲ್ಪ ಕಂಟ್ರೋಲ್ ಮಾಡಪ್ಪ" ಅಂತ ಬುದ್ಧಿವಾದ ಬೇರೆ!

ಕಾರ್ಬ್ಸ್ ಅಂದ್ರೆ ಕಾರ್ಬೋಹೈಡ್ರೇಟು, ಪಿಷ್ಟ ಸಕ್ಕರೆ ಎಲ್ಲಾ ಅದೇ. ಆದ್ರೆ ಕಾರ್ಬ್ ಅಂದ್ರೆ ಬೆಳ್ಳಗಿರೋ ಅನ್ನ ಅಷ್ಟೇ ಅಂತ ನಮ್ಮಲ್ಲಿ ತೀರ್ಮಾನ ಆಗೋಗಿದೆ. ಸಕ್ಕರೆ ಲೆಕ್ಕಕ್ಕಿಲ್ಲ, ಅದು ಸಂಭ್ರಮ. ರಾಗಿ ಅಂತೂ ಕಾರ್ಬೇ ಅಲ್ಲ, ಅದು ಆರೋಗ್ಯ. ನೂರು ಗ್ರಾಂ ಅಕ್ಕೀಲಿ ಕಾರ್ಬ್ ಸುಮಾರು 78 ಗ್ರಾಂ, ರಾಗೀಲಿ 67, ಇಷ್ಟೇ ಸ್ವಾಮಿ ವ್ಯತ್ಯಾಸ. ರಾಗೀಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಅಂತೂ ಅಕ್ಕಿ ಕನಸಲ್ಲೂ ಕಾಣದಷ್ಟು, ಅದನ್ನ ಅಲ್ಲಗಳೆಯಲ್ಲ. ಆದ್ರೆ ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನೋ ಗಾದೇಲಿ ಬೆಟ್ಟ ಕೀಳೋ ಕೆಲಸಾನೂ ಇದೆ, ಲ್ಯಾಪ್‌ಟಾಪ್ ಕುಟ್ಟೋರು ಅರ್ಧ ಗಾದೆ ಮಾತ್ರ ನುಂಗ್ತಾರೆ, ಅದೂ ಎರಡೆರಡು ಮುದ್ದೆ.

2023ನ್ನ ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತು, ಅದೇ ವರ್ಷ ಕೇಂದ್ರ ಬಜೆಟ್‌ನಲ್ಲಿ ಸಿರಿಧಾನ್ಯಕ್ಕೆ ಶ್ರೀ ಅನ್ನ ಅಂತ ಹೆಸ್ರು ಬಂತು. ದಿಲ್ಲಿಯೋರಿಗೇನು, ಹೇಳ್ಬಿಟ್ರು. ಇಲ್ಲಿ ಡಾಕ್ಟ್ರು "ಅನ್ನ ಬಿಡಿ, ಶ್ರೀ ಅನ್ನ ತಿನ್ನಿ" ಅಂದ್ರೆ ನಮ್ಮ ದೊಡ್ಡಮ್ಮ ಅಕ್ಕಿ ಡಬ್ಬಕ್ಕೆ ಕುಂಕುಮ ಇಟ್ಬಿಡ್ತಾರೆ.

ಆ ಜೋಷಲ್ಲಿ ನಾನೂ ಒಂದು ರಾಗಿ ಬಿಸ್ಕತ್ ಪ್ಯಾಕೆಟ್ ತಂದೆ. ಮುಂದ್ಗಡೆ ತೆನೆ ಚಿತ್ರ, ಹೊಲ, ಪೇಟ ಸುತ್ತಿದ ರೈತನ ನಗು. ಹಿಂದ್ಗಡೆ ಇರುವೆ ಅಕ್ಷರದಲ್ಲಿ ಮೈದಾ, ಸಕ್ಕರೆ, ಪಾಮ್ ಎಣ್ಣೆ, ಆಮೇಲೆ ರಾಗಿ. ಯಾವ್ದು ಜಾಸ್ತಿನೋ ಅದನ್ನ ಮೊದ್ಲು ಬರೀಬೇಕು ಅನ್ನೋದು ಕಾನೂನು, ಅಂದ್ರೆ ರಾಗಿ ಅಲ್ಲಿ ಬಂದಿರೋದು ಫೋಟೋಗೆ ನಿಲ್ಲೋಕೆ.

ಆಫೀಸಲ್ಲಿ ಇನ್ನೊಬ್ಬ ಇದಾನೆ, ಶುಗರ್ ಕಾಯಿಲೆ ಏನೂ ಇಲ್ಲ, ತೋಳಿಗೆ ಗ್ಲೂಕೋಸ್ ಅಳೆಯೋ ಬಿಲ್ಲೆ ಅಂಟಿಸ್ಕೊಂಡಿದಾನೆ. ಒಂದು ಇಡ್ಲಿ ತಿಂದು ಫೋನ್ ಹಿಡ್ಕೊಂಡು ಕ್ರಿಕೆಟ್ ಸ್ಕೋರ್ ನೋಡೋ ಥರ ಕೂರ್ತಾನೆ, ಗೆರೆ ಮೇಲೆ ಹೋದ್ರೆ "ಸ್ಪೈಕ್ ಗುರೂ ಸ್ಪೈಕ್" ಅಂತ ಮುಖ ಸಣ್ಣ ಮಾಡ್ತಾನೆ. ಊಟ ಮಾಡಿದ್ರೆ ಗ್ಲೂಕೋಸ್ ಸ್ವಲ್ಪ ಏರ್ದೆ ಇನ್ನೇನಾಗುತ್ತೆ ಮಾರಾಯ, ತಲೆ ಓಡೋದೇ ಅದ್ರಲ್ಲಿ. ಶುಕ್ರವಾರ ರಾತ್ರಿ ಬಿಯರ್‌ಗೆ ಹೋಗೋವಾಗ ಮಾತ್ರ ಆ ಫೋನ್ ಜೇಬಿಂದ ಆಚೆ ಬರಲ್ಲ.

ತಮಾಷೆ ಅಂದ್ರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದು ಇಷ್ಟೆಲ್ಲಾ ಕಷ್ಟದ್ದಲ್ಲ. ಧಾನ್ಯದಿಂದ ಬರೋ ಶಕ್ತಿ ಶೇ. 45 ದಾಟೋದು ಬೇಡ, ಎರಡು ಸಾವಿರ ಕ್ಯಾಲೊರಿ ಊಟದಲ್ಲಿ ಅಕ್ಕಿ, ಗೋಧಿ, ರಾಗಿ ಎಲ್ಲಾ ಸೇರಿ 250 ಗ್ರಾಂ ಇರ್ಲಿ, ತರಕಾರಿ ಸೊಪ್ಪು 400 ಗ್ರಾಂ ಇರ್ಲಿ ಅಂತ. ಅನ್ನಕ್ಕೆ ಉಪವಾಸ ಕೂರಿ ಅಂತ ಎಲ್ಲೂ ಇಲ್ಲ. ಆದ್ರೆ ಆ ನಾನೂರು ಗ್ರಾಂ ತರಕಾರಿ ಸುದ್ದಿ ಯಾರೂ ಎತ್ತಲ್ಲ, ಬಿಡೋದು ಅಂದ್ರೆ ಸ್ಟೇಟಸ್ ಹಾಕ್ಬೋದು, ಬೀನ್ಸ್ ಪಲ್ಯ ತಿಂದೆ ಅಂತ ಯಾರಾದ್ರೂ ಸ್ಟೇಟಸ್ ಹಾಕ್ತಾರಾ?

ನಮ್ಮ ನೆಂಟ್ರ ಎಲೆ ಅಂಚಲ್ಲೂ ಕೋಸಂಬರಿ, ಬೀನ್ಸ್ ಪಲ್ಯ ಹಾಕಿದ್ದು ಹಾಕ್ದಂಗೇ ಬಾಡ್ತಾ ಇತ್ತು. ಕೊನೇಗೆ ದಾಳಿಂಬೆ ಉದುರಿಸಿದ ಮೊಸರನ್ನ ಬಂತು, ಇವ್ರು ಕೈ ಅಡ್ಡ ಇಡ್ಲಿಲ್ಲ, ಎರಡ್ನೇ ಸೌಟಿಗೂ ಇಡ್ಲಿಲ್ಲ. ನಾನು ನೋಡಿದ್ದನ್ನ ನೋಡಿ ಅವ್ರೇ ಅಂದ್ರು,

"ಇದು ಅನ್ನ ಅಲ್ಲಪ್ಪ, ಪ್ರೋಬಯಾಟಿಕ್ಕು."